ಸಾಲ್ವೇಜ್ ಟೈಟಲ್ ಕಾರು: ತಗೊಳ್ಳಬಹುದಾ, ಬೇಡವಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಸದ್ಯ ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ ಎಂಎಸ್ ಓದುತ್ತಿದ್ದೇನೆ. ಇಲ್ಲಿ ಕಾರಿಲ್ಲದೆ ಒಂದು ಹಾಲಿನ ಕ್ಯಾನ್ ತರುವುದಕ್ಕೂ ಆಗುವುದಿಲ್ಲ. 2018ರ ಟೊಯೋಟಾ ಕೊರೊಲ್ಲಾ ಒಂದನ್ನು ನೋಡಿದ್ದೇನೆ. ಮಾರುವವನು 8,500 ಡಾಲರ್ ಹೇಳುತ್ತಿದ್ದಾನೆ. ಅಷ್ಟೇ ಓಡಿರುವ ಬೇರೆ ಕೊರೊಲ್ಲಾಗಳಿಗೆ 13,000ದ ಮೇಲೆ ಕೇಳುತ್ತಿದ್ದಾರೆ. ಯಾಕಿಷ್ಟು ಕಡಿಮೆ ಅಂದರೆ, "ಸಾಲ್ವೇಜ್ ಟೈಟಲ್ ಅಷ್ಟೇ. ಮುಂದಿನ ಬಂಪರ್‌ಗೆ ಸ್ವಲ್ಪ ಏಟು ಬಿದ್ದಿತ್ತು" ಅಂದ. ಓಡಿಸಿ ನೋಡಿದೆ, ಚೆನ್ನಾಗಿಯೇ ಹೋಗುತ್ತದೆ. ರೂಮ್‌ಮೇಟ್ ತಗೋ ಅನ್ನುತ್ತಾನೆ. ಅಪ್ಪ ಫೋನ್‌ನಲ್ಲೇ ಬೇಡ ಅನ್ನುತ್ತಾರೆ. ಗ್ರೂಪ್‌ನಲ್ಲಿ ಇನ್ಶೂರೆನ್ಸ್ ಕಡೆ ಕಾರು ನೋಡುವ ಕೆಲಸದವರು ಇದ್ದೀರಂತೆ. ಸರ್, ಏನು ಮಾಡಲಿ?

ಉತ್ತರ: ಆ ಕೆಲಸದವನು ನಾನೇ. ಆಕ್ಸಿಡೆಂಟ್ ಆದ ಕಾರುಗಳನ್ನು ನೋಡಿ ರಿಪೇರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಬರೆಯುವುದು.

ಟೈಟಲ್ ಅಂದರೆ ಇಲ್ಲಿ ಕಾರು ಯಾರದು ಅಂತ ಹೇಳುವ ಕಾಗದ. ಇನ್ಶೂರೆನ್ಸ್‌ನವರು ಮಾಲೀಕನಿಗೆ ಪೂರ್ತಿ ದುಡ್ಡು ಕೊಟ್ಟು ಕೈಬಿಟ್ಟ ಕಾರಿನ ಟೈಟಲ್ ಮೇಲೆ ಸಾಲ್ವೇಜ್ ಅಂತ ಬರೆದಿರುತ್ತದೆ. ಮೊದಲು ಅವನ ಕೈಲಿರುವ ಆ ಕಾಗದ ನೋಡಿ. ಬರೀ ಸಾಲ್ವೇಜ್ ಅಂತಿದ್ದರೆ ಆ ಕಾರನ್ನು ರಸ್ತೆಗೆ ಇಳಿಸುವ ಹಾಗೇ ಇಲ್ಲ, ನೀವು ಓಡಿಸಿ ನೋಡಿದ್ದೇ ತಪ್ಪು. ರಿಪೇರಿ ಆಗಿ ಮತ್ತೆ ನೋಂದಣಿ ಆಗಿದ್ದರೆ ರೀಬಿಲ್ಟ್ ಸಾಲ್ವೇಜ್ ಅಂತ ಇರುತ್ತದೆ. ಬಾಯಲ್ಲಿ ಎರಡಕ್ಕೂ ಸಾಲ್ವೇಜ್ ಅಂತಲೇ ಹೇಳುತ್ತಾರೆ.

ರೀಬಿಲ್ಟ್ ಅಂದ ತಕ್ಷಣ ಸರ್ಕಾರದವರು ಬಿಚ್ಚಿ ನೋಡಿ ಪಾಸ್ ಮಾಡಿದ್ದಾರೆ ಅಂದುಕೊಳ್ಳಬೇಡಿ. ಟೆಕ್ಸಸ್‌ನಲ್ಲಿ ರಿಪೇರಿ ಮಾಡಿದವನು ವಿಟಿಆರ್-61 ಅನ್ನುವ ಫಾರಂನಲ್ಲಿ ಏನೇನು ಮಾಡಿದೆ ಅಂತ ಬರೆದು ಸಹಿ ಹಾಕುತ್ತಾನೆ, 65 ಡಾಲರ್ ರೀಬಿಲ್ಟ್ ಫೀ ಕಟ್ಟುತ್ತಾನೆ. 2025ರ ಜನವರಿಯಿಂದ ಸಾಮಾನ್ಯ ಕಾರುಗಳಿಗೆ ವರ್ಷ ವರ್ಷದ ಸೇಫ್ಟಿ ತಪಾಸಣೆಯನ್ನೂ ತೆಗೆದುಹಾಕಿದರು. ನಿಮ್ಮ ಡಾಲಸ್ ಕಡೆ ಉಳಿದಿರುವುದು ಹೊಗೆ ಪರೀಕ್ಷೆ ಮಾತ್ರ. ಹೊಗೆ ಪರೀಕ್ಷೆಗೆ ಏರ್‌ಬ್ಯಾಗ್ ಕಾಣಿಸುವುದಿಲ್ಲ.

ಇನ್ನು "ಸ್ವಲ್ಪ ಏಟು" ಅನ್ನುವ ಮಾತು. ಫ್ಲಾರಿಡಾದಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ 80% ಮುಟ್ಟಿದರೆ ಟೋಟಲ್ ಲಾಸ್ (ರಿಪೇರಿ ಮಾಡಿ ಪ್ರಯೋಜನವಿಲ್ಲ ಅನ್ನುವ ಲೆಕ್ಕ), ನ್ಯೂಯಾರ್ಕ್‌ನಲ್ಲಿ 75%. ಟೆಕ್ಸಸ್‌ನಲ್ಲಿ ಆ ಗೆರೆ 100%. ಅಂದರೆ ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮೀರಬೇಕು. ಬರೀ ಬಂಪರ್‌ಗೆ ಅಷ್ಟು ದುಡ್ಡು ಆಗುತ್ತದಾ, ನೀವೇ ಹೇಳಿ.

ಹಾಗಂತ ಸಾಲ್ವೇಜ್ ಎಲ್ಲ ಒಂದೇ ಅಲ್ಲ. ಕಳುವಾಗಿ, ಇನ್ಶೂರೆನ್ಸ್‌ನವರು ದುಡ್ಡು ಕೊಟ್ಟ ಮೇಲೆ ಸಿಕ್ಕಿದ ಕಾರು ಇರುತ್ತದೆ. ಆಲಿಕಲ್ಲು ಬಿದ್ದು ಮೈಯೆಲ್ಲ ಗುಳಿ ಬಿದ್ದ ಕಾರು ಇರುತ್ತದೆ. ಇವನ್ನು ನಾನು ದೂರ ಇಡುವುದಿಲ್ಲ. ನೀರಲ್ಲಿ ಮುಳುಗಿದ್ದನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. 2017ರ ಹಾರ್ವೆ ಚಂಡಮಾರುತದಲ್ಲಿ ಹ್ಯೂಸ್ಟನ್ ಕಡೆ ಮುಳುಗಿದ ಕಾರುಗಳನ್ನು ನೋಡಿದವರಿಗೆ ಇದು ಗೊತ್ತು. ತೊಳೆದು, ಸೆಂಟ್ ಹೊಡೆದು ನಿಲ್ಲಿಸಿದರೆ ಹೊಸದರ ಹಾಗೇ ಇರುತ್ತದೆ. ಒಳಗೆ ವೈರಿನ ಕನೆಕ್ಟರ್‌ಗಳು ತಿಂಗಳುಗಟ್ಟಲೆ ಹಸಿರು ತಿರುಗುತ್ತಾ ಇರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ಕೈ ಆಡಿಸಿ. ತೊಳೆಯುವವರು ಅಲ್ಲಿವರೆಗೆ ಹೋಗಿರುವುದು ಕಡಿಮೆ.

ನೀವು ಈಗ ಮಾಡಬೇಕಾದ್ದು ಎರಡು ಕೆಲಸ. ಡ್ಯಾಶ್‌ಬೋರ್ಡ್ ಗಾಜಿನ ಮೂಲೆಯಲ್ಲಿರುವ 17 ಅಕ್ಷರ-ಅಂಕಿಯ ವಿನ್ ನಂಬರನ್ನು (ಆ ಕಾರಿನ ಗುರುತಿನ ಸಂಖ್ಯೆ) ಸುಮ್ನೆ ಗೂಗಲ್‌ನಲ್ಲಿ ಹಾಕಿ. ಇಂಥ ಕಾರುಗಳನ್ನು ಇನ್ಶೂರೆನ್ಸ್‌ನವರು ಹರಾಜು ಹಾಕುತ್ತಾರೆ, ಆಗ ತೆಗೆದ ಫೋಟೋಗಳು ಎಷ್ಟೋ ಸಲ ಸಿಕ್ಕಿಬಿಡುತ್ತವೆ. ಆಮೇಲೆ ಕಾರಿನ ಕೀ ಆನ್ ಮಾಡಿ ಏರ್‌ಬ್ಯಾಗ್ ದೀಪ ನೋಡಿ. ಕೆಲವು ಸೆಕೆಂಡ್ ಹತ್ತಿ ತಾನಾಗಿ ಆರಬೇಕು. ಆರದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು. ಎರಡೂ ಮಾಡಿ ಬಂದು ಹೇಳಿ.

ಪ್ರಶ್ನೆ ಕೇಳಿದವರು: ಸರ್, ಕಾಗದದಲ್ಲಿ ರೀಬಿಲ್ಟ್ ಸಾಲ್ವೇಜ್ ಅಂತಲೇ ಇದೆ. ಹರಾಜಿನ ಫೋಟೋ ಸಿಕ್ಕಿತು, ನೋಡಿ ಎದೆ ಧಸಕ್ ಅಂತು. ಸ್ಟೀರಿಂಗಿನದು, ಪಕ್ಕದ ಸೀಟಿನದು, ಎರಡೂ ಏರ್‌ಬ್ಯಾಗ್ ಹೊರಗೆ ಜೋತಾಡುತ್ತಿವೆ. ಎಡಗಡೆ ಮುಂದಿನ ಚಕ್ರ ಬಾಗಿಲಿಗೆ ಹೋಗಿ ಆತುಕೊಂಡಿದೆ. ಸಂಜೆ ಮತ್ತೆ ಹೋಗಿ ಕೀ ಆನ್ ಮಾಡಿದೆ. ಬೇರೆ ದೀಪಗಳೆಲ್ಲ ಬಂದವು, ಏರ್‌ಬ್ಯಾಗ್ ದೀಪ ಬರಲೇ ಇಲ್ಲ. ಕೇಳಿದ್ದಕ್ಕೆ "ದೀಪ ಇಲ್ಲ ಅಂದರೆ ಪ್ರಾಬ್ಲಮ್ ಇಲ್ಲ ಅಂತ ಅರ್ಥ" ಅಂದ. ಈಗ 7,500ಕ್ಕೆ ಇಳಿದಿದ್ದಾನೆ.

ಉತ್ತರ: ಬೇಡ. 5,000ಕ್ಕೆ ಇಳಿದರೂ ಬೇಡ.

ದೀಪವನ್ನು ಯಾರೋ ಬೇಕಂತಲೇ ಸಾಯಿಸಿದ್ದಾರೆ. ಹೊಸ ಏರ್‌ಬ್ಯಾಗ್ ಹಾಕುವ ದುಡ್ಡು ಉಳಿಸಿ, ಸ್ಟೀರಿಂಗ್ ಮೇಲೆ ಮುಚ್ಚಳ ಮಾತ್ರ ಕೂರಿಸುವವರು ಇದ್ದಾರೆ. ಹಾಕಿದ್ದರೂ ಏನು ಹಾಕಿದ್ದಾರೋ. 2024ರಲ್ಲಿ ಇಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಆಕ್ಸಿಡೆಂಟ್ ಆದ ಕಾರುಗಳಿಗೆ ಹಾಕಿದ್ದ ಅಗ್ಗದ ಇನ್‌ಫ್ಲೇಟರ್‌ಗಳು (ಏರ್‌ಬ್ಯಾಗ್ ಉಬ್ಬಿಸುವ ಭಾಗ) ಒಡೆದು, ಲೋಹದ ಚೂರುಗಳು ಓಡಿಸುತ್ತಿದ್ದವರ ಎದೆ, ಕುತ್ತಿಗೆಗೆ ನುಗ್ಗಿ ಜನ ಸತ್ತಿದ್ದರು. ಬದುಕಿಕೊಳ್ಳುವಂಥ ಆಕ್ಸಿಡೆಂಟ್‌ನಲ್ಲಿ.

ಚಕ್ರ ಹಿಂದಕ್ಕೆ ಸರಿದಿದೆ ಅಂದರೆ ಏಟು ಬಂಪರ್ ದಾಟಿ ಬಾಡಿಯ ಹಂದರಕ್ಕೇ ಹೋಗಿದೆ. ಟಿಂಕರಿಂಗ್ ಮಾಡಿ ಬಣ್ಣ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ. ಮತ್ತೊಂದು ಏಟು ಬಿದ್ದಾಗ ಹೇಗೆ ಮಡಚಿಕೊಳ್ಳುತ್ತದೆ ಅಂತ ನಾನಂತೂ ಹೇಳಲಾರೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ರೂಮ್‌ಮೇಟ್‌ಗೆ ತೋರಿಸಿ. ಲಯಬಿಲಿಟಿ, ಅಂದರೆ ನಮ್ಮೂರಿನ ಥರ್ಡ್ ಪಾರ್ಟಿ, ಇಂಥ ಕಾರಿಗೂ ಸಿಗುತ್ತದೆ. ನಿಮ್ಮ ಕಾರಿಗೇ ಪೂರ್ತಿ ಕವರ್ ಬೇಕು ಅಂದರೆ ಬಹಳ ಕಂಪನಿಗಳು ಕೊಡುವುದಿಲ್ಲ. ಓದು ಮುಗಿಸಿ ಬೇರೆ ಕಡೆ ಕೆಲಸಕ್ಕೆ ಹೋಗುವಾಗ ಮಾರಬೇಕಲ್ಲ, ಆಗ ಕೊಳ್ಳುವವನೂ ನಿಮ್ಮ ಹಾಗೇ ಈ ಗ್ರೂಪ್‌ಗೆ ಬಂದು ಕೇಳುತ್ತಾನೆ. ನಾನು ಆಗಲೂ ಬೇಡ ಅಂತಲೇ ಬರೆಯುತ್ತೇನೆ.

ಇನ್ನೊಬ್ಬರು: ಅಣ್ಣ, ಬೆಂಗಳೂರಿಂದ ಕೇಳುತ್ತಿದ್ದೇನೆ. ನಮ್ಮಲ್ಲಿ ಇದನ್ನು ಆರ್‌ಸಿ ನೋಡಿ ಕಂಡುಹಿಡಿಯಬಹುದಾ?

ಉತ್ತರ: ಆಗುವುದಿಲ್ಲ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆ) 75% ದಾಟಿದರೆ ಅಲ್ಲೂ ಟೋಟಲ್ ಲಾಸ್ ಅನ್ನುತ್ತಾರೆ. ಆದರೆ ಅಮೆರಿಕದ ಟೈಟಲ್ ಥರ ಆರ್‌ಸಿ ಮೇಲೆ ಆ ಮುದ್ರೆ ಬೀಳುವುದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದ ಕಾರುಗಳು ನೆನಪಿವೆ ಅಲ್ವಾ? ಮಾರುವವರಿಂದ ಹಳೇ ಪಾಲಿಸಿ ಕೇಳಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿ. ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಬಿದ್ದಿದ್ದರೆ ಯಾಕೆ ಅಂತ ಕೇಳಿ. ಕಂಪನಿ ಸರ್ವಿಸ್ ಸೆಂಟರ್‌ನ ದಾಖಲೆಯನ್ನೂ ತೆಗೆಸಿ. ಸ್ಟೆಪ್ನಿ ಎತ್ತಿ ನೋಡುವುದಂತೂ ಎಲ್ಲ ಊರಿಗೂ ಒಂದೇ.

ಪ್ರಶ್ನೆ ಕೇಳಿದವರು: ಸರ್, ಕೊರೊಲ್ಲಾ ಬಿಟ್ಟೆ. ಅಪ್ಪನಿಗೂ ಹೇಳಿದೆ, ಖುಷಿಯಾದರು. ಈಗ ಒಂದು ಹೋಂಡಾ ಸಿವಿಕ್ ಸಿಕ್ಕಿದೆ, 9,000 ಡಾಲರ್. ಅದೂ ರೀಬಿಲ್ಟ್. ಆಲಿಕಲ್ಲು ಬಿದ್ದಿತ್ತಂತೆ. ಬಾನೆಟ್, ಟಾಪ್ ಎಲ್ಲ ಗುಳಿ ಗುಳಿ, ಇಡ್ಲಿ ತಟ್ಟೆ ಥರ ಇದೆ. ಫೋಟೋದಲ್ಲಿ ಏರ್‌ಬ್ಯಾಗ್ ಒಳಗೇ ಇದೆ.

ಉತ್ತರ: ಇದನ್ನು ನೋಡಬಹುದು. ಗುಳಿ ಹಾಗೇ ಬಿಟ್ಟಿದ್ದಾನೆ ಅಂದರೆ ಮುಚ್ಚಿಡುವ ಆಸೆ ಕಡಿಮೆ. ಮುಂದಿನ ಗಾಜು ಬದಲಿಸಿದ್ದರೆ ಅಂಚಿಂದ ನೀರು ಸೋರುತ್ತದಾ ನೋಡಿ, ಕಾಲಿಡುವ ಕಡೆ ಮ್ಯಾಟ್ ಎತ್ತಿ ಮುಟ್ಟಿ. ಏರ್‌ಬ್ಯಾಗ್ ದೀಪ ಮರೆಯಬೇಡಿ. 9,000 ಜಾಸ್ತಿ ಆಯ್ತು, ಕ್ಲೀನ್ ಟೈಟಲ್ ಸಿವಿಕ್, ಅಂದರೆ ಸಾಲ್ವೇಜ್ ಮುದ್ರೆ ಇಲ್ಲದ್ದು, ಎಷ್ಟಿದೆಯೋ ಅದರಿಂದ ಮೂರನೇ ಒಂದು ಭಾಗ ಕಡಿಮೆ ಮಾಡಿ ಕೇಳಿ. ದುಡ್ಡು ಕೊಡುವ ಮುಂಚೆ ಯಾರಾದರೂ ಮೆಕ್ಯಾನಿಕ್ ಕೈಲಿ ಲಿಫ್ಟ್ ಮೇಲೆ ಎತ್ತಿಸಿ ನೋಡಿ. ಲಿಫ್ಟ್‌ಗೆ ತರುವುದಿಲ್ಲ ಅಂದರೆ ಅವನಿಗೊಂದು ನಮಸ್ಕಾರ ಹೇಳಿ ಬನ್ನಿ.