'ಎಸ್ಕೇಪ್' ಆದ ಅಕ್ಷರಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಮಂಡ್ಯದಲ್ಲಿ ಡಿಪ್ಲೊಮಾ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಹೋದ ವಾರ ಒಬ್ಬ ಹುಡುಗಿ ನಮ್ಮ ಜಿಲ್ಲೆಯ 7 ತಾಲ್ಲೂಕುಗಳ ಹೆಸರನ್ನು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಉಳಿಸುವ ಒಂದು ಬಗೆ) ಫೈಲಿಗೆ ಬರೆಸಿದಳು. ಪರದೆ ಮೇಲೆ 'ಮಂಡ್ಯ' ಸರಿಯಾಗೇ ಬಂತು. ಫೈಲ್ ತೆರೆದರೆ ಆ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್, ಯು, 0ಸಿಎಇ. ಮತ್ತೆ ಬ್ಯಾಕ್‌ಸ್ಲ್ಯಾಶ್, ಯು, 0ಸಿ82. ಹೀಗೆ ಒಟ್ಟು ಐದು ತುಂಡು. "ಸಾರ್, ಫಾಂಟ್ ಹೋಗಿದೆ" ಅಂದಳು.

ಫಾಂಟ್ ಇಲ್ಲದಿದ್ದರೆ ಚೌಕದ ಡಬ್ಬಗಳು ಕಾಣುತ್ತವೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ) ತಪ್ಪಿದರೆ ಕಲಸುಮೇಲೋಗರವಾದ ಚಿಹ್ನೆಗಳು ಬರುತ್ತವೆ. ಇಲ್ಲಿ ಏನೂ ಕೆಟ್ಟಿಲ್ಲ. ಅದೇ ಫೈಲನ್ನು ವಾಪಸ್ ಓದಿಸಿದರೆ ಮಂಡ್ಯ ಮಂಡ್ಯವಾಗೇ ಬರುತ್ತದೆ. ನಾವಾಗಿ ಬೇಡ ಅನ್ನದಿದ್ದರೆ, ಪೈಥಾನ್ ಜೇಸನ್ ಬರೆಯುವಾಗ ಆಸ್ಕಿಯಲ್ಲಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಪಟ್ಟಿ) ಇಲ್ಲದ ಅಕ್ಷರವನ್ನೆಲ್ಲ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ವ್ಯವಸ್ಥೆ) ನಂಬರಿನಲ್ಲಿ ಬರೆಯುತ್ತದೆ, ಅಷ್ಟೇ. ಪೈಥಾನ್ 2ರಲ್ಲಿ ಯೂನಿಕೋಡ್ ಪದಗಳ ಪಟ್ಟಿಯನ್ನು ಸುಮ್ನೆ ಪ್ರಿಂಟ್ ಮಾಡಿದರೂ ಹೀಗೇ ಬರುತ್ತಿತ್ತು. 2008ರಲ್ಲಿ ಪೈಥಾನ್ 3 ಬಂದ ಮೇಲೆ ಪಟ್ಟಿಯಲ್ಲೂ ಕನ್ನಡ ಕನ್ನಡವಾಗೇ ಕಾಣತೊಡಗಿತು.

ಹೀಗೆ ಅಕ್ಷರದ ಬದಲು ಅದರ ನಂಬರ್ ಬರೆಯುವುದಕ್ಕೆ ಇಂಗ್ಲಿಷಿನಲ್ಲಿ 'ಎಸ್ಕೇಪ್' ಅನ್ನುತ್ತಾರೆ. ಇದಕ್ಕೊಂದು ಕನ್ನಡ ಪದ ಬೇಕು. 'ಎಸ್ಕೇಪ್ ಆಗಿದೆ' ಅಂದರೆ ಮಕ್ಕಳು ಅಕ್ಷರ ಎಲ್ಲೋ ತಪ್ಪಿಸಿಕೊಂಡಿದೆ ಅಂದುಕೊಳ್ಳುತ್ತಾರೆ. 'ಸಂಕೇತ' ಬಲು ಅಗಲದ ಪದ. ಕೋಡ್‌ಗೂ ಅದೇ, ಚಿಹ್ನೆಗೂ ಅದೇ.

ನನಗೆ ಮೊದಲು ಹೊಳೆದದ್ದು 'ಬಿಡಿಸಿ ಬರೆ'. ಶಾಲೆಯಲ್ಲಿ ಎಲ್ಲರೂ ಮಾಡಿದ ಅಭ್ಯಾಸ ಅಲ್ವಾ? ಬೋರ್ಡ್ ಮೇಲೆ ಐದೂ ತುಂಡು ಬರೆದೆ: ಮ, ಸೊನ್ನೆ, ಡ, ವಿರಾಮ (ಅಕಾರ ತೆಗೆಯುವ '್' ಚಿಹ್ನೆ), ಯ. ತಕ್ಷಣ ಆ ಹುಡುಗಿ, "ಯ ಒತ್ತು ಎಲ್ಲಿ ಸಾರ್?" ಅಂದಳು. ಬಹಳ ಒಳ್ಳೆಯ ಪ್ರಶ್ನೆ. ಒತ್ತಕ್ಷರಕ್ಕೆ ಯೂನಿಕೋಡಿನಲ್ಲಿ ಬೇರೆ ನಂಬರೇ ಇಲ್ಲ. ವಿರಾಮ ಬಂದು 'ಡ'ದ ಅಕಾರ ತೆಗೆಯುತ್ತದೆ, ಹಿಂದೆಯೇ ಇಡೀ 'ಯ' ಬರುತ್ತದೆ, ಒತ್ತಾಗಿ ತೋರಿಸುವುದು ಫಾಂಟಿನ ಕೆಲಸ. ನಮ್ಮ ವ್ಯಾಕರಣದಲ್ಲಿ ಬಿಡಿಸಿದರೆ ಡ್, ಯ್, ಅ ಅಂತ ಬರಬೇಕು. ಎರಡೂ ಬಿಡಿಸುವಿಕೆ ಬೇರೆ ಬೇರೆ. ಹಾಗಾಗಿ ಈ ಪದ ಬಳಸಿದರೆ ಮಕ್ಕಳಿಗೆ ಗೊಂದಲ ಜಾಸ್ತಿಯಾದೀತು ಅನ್ನಿಸಿತು.

ಆದರೂ ಬಿಡಲು ಮನಸ್ಸಿಲ್ಲ. 'ಬಿಡಿಸು'ಗೆ 'ಕೂಡಿಸು' ಅನ್ನುವ ಜೋಡಿ ಸಿದ್ಧವಾಗಿದೆ. ನಂಬರಿನಿಂದ ಮತ್ತೆ ಅಕ್ಷರ ಮಾಡುವುದಕ್ಕೂ ಒಂದು ಕ್ರಿಯಾಪದ ಬೇಕಲ್ಲ. ಸದ್ಯಕ್ಕೆ ತರಗತಿಯಲ್ಲಿ 'ನಂಬರಲ್ಲಿ ಬರೆದ ಅಕ್ಷರ' ಅನ್ನುತ್ತಿದ್ದೇನೆ. ಅರ್ಥವಾಗುತ್ತದೆ, ಆದರೆ ಉದ್ದ. ಹೀಗೆ ಜೋಡಿಯಾಗಿ ನಿಲ್ಲುವ ಚಿಕ್ಕ ಪದ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದೀರಾ?