ಹಸಿರು ಚುಕ್ಕೆ ಬೇಡ ಕಣೋ ಹರೀಶ

(ಕಾಲೇಜು ಬ್ಯಾಚ್‌ನ ವಾಟ್ಸಾಪ್ ಗುಂಪು. ಹರೀಶ ತನ್ನ ಹೊಸ ಆ್ಯಪ್‌ನ ನಾಲ್ಕು ಸ್ಕ್ರೀನ್‌ಶಾಟ್ ಹಂಚಿಕೊಂಡ ಮೇಲೆ.)

ಹರೀಶ: ವಿದೇಶಕ್ಕೆ ಒಬ್ಬರೇ ಹೋದವರಿಗೆ ಜೊತೆ ಹುಡುಕಿಕೊಡುವ ಆ್ಯಪ್. ತೆರೆದರೆ ನಕ್ಷೆ. ಯಾರು ಮಾತಾಡಲು ರೆಡಿ ಇದ್ದಾರೋ ಅವರಿಗೆ ಹಸಿರು ಚುಕ್ಕೆ, ಕೆಳಗೆ ‘800 ಮೀಟರ್ ದೂರ’. ಒತ್ತಿದರೆ ‘ಹಾಯ್’ ಹೋಗುತ್ತದೆ. ಮುಲಾಜಿಲ್ಲದೆ ಹೇಳಿ.

ನಾಗರಾಜ: ಷೇರು ಯಾವಾಗ ಬಿಡುತ್ತೀಯ?

ರಶ್ಮಿ: ಗುರುತು ಪರಿಚಯ ಇಲ್ಲದ ಊರಿನಲ್ಲಿ ನಾನೊಬ್ಬಳೇ ಹೋಟೆಲ್ ರೂಮಿನಲ್ಲಿ ಇರುತ್ತೇನೆ. ಅದು ಯಾರೋ ಒಬ್ಬನಿಗೆ ಮೀಟರ್ ಲೆಕ್ಕದಲ್ಲಿ ಯಾಕೆ ಗೊತ್ತಾಗಬೇಕು?

ಹರೀಶ: ಚುಕ್ಕೆ ಇರುವ ಜಾಗ ಸುಮ್ನೆ ಅಂದಾಜು ಕಣೇ. ದೂರ ಮಾತ್ರ ನಿಜ. ವಿಳಾಸ ಎಲ್ಲೂ ಬರುವುದಿಲ್ಲ.

ಶ್ವೇತಾ: ದೂರ ಒಂದೇ ಸಾಕು. ಫೋನಿಗೆ ಸುಳ್ಳು ಜಾಗ ಹೇಳುವ ಆ್ಯಪ್ ಪುಕ್ಕಟೆ ಸಿಗುತ್ತದೆ. ಮೂರು ಬೇರೆ ಬೇರೆ ಕಡೆ ನಿಂತಂತೆ ತೋರಿಸಿ, ರಶ್ಮಿ ಎಷ್ಟು ದೂರ ಅಂತ ನೋಡು. ಪ್ರತಿ ಜಾಗದಿಂದ ಅಷ್ಟು ದೂರಕ್ಕೆ ಒಂದು ವೃತ್ತ ಎಳೆ. ಮೂರೂ ಕೂಡುವ ಕಡೆ ಅವಳ ಹೋಟೆಲ್. ಹೈಸ್ಕೂಲಿನ ಕೈವಾರದ ಲೆಕ್ಕ ಅಷ್ಟೇ. ಟಿಂಡರ್ ಅನ್ನುವ ಡೇಟಿಂಗ್ ಆ್ಯಪ್‌ನಲ್ಲಿ ಇದೇ ತೂತು ಇತ್ತು, 2014ರಲ್ಲಿ ಭದ್ರತಾ ಸಂಶೋಧಕರು ಬಯಲು ಮಾಡಿದರು. ಪರದೆ ಮೇಲೆ ಬರೀ ಮೈಲಿ ಕಾಣುತ್ತಿತ್ತು. ಸರ್ವರ್ ಕಳಿಸುವ ಡೇಟಾದಲ್ಲಿ ಮಾತ್ರ ದಶಾಂಶದ ಸಮೇತ ಪೂರಾ ಸಂಖ್ಯೆ ಇರುತ್ತಿತ್ತು.

ಹರೀಶ: ಸರಿ, ‘5 ಕಿ.ಮೀ. ಒಳಗೆ’ ಅಂತ ಹಾಕುತ್ತೇನೆ. ಆಯ್ತಾ?

ಶ್ವೇತಾ: ಇಲ್ಲ. ‘ಒಳಗೆ’ ಹೋಗಿ ‘ಹೊರಗೆ’ ಆಗುವ ಗಡಿಯನ್ನು ಹುಡುಕುತ್ತಾ ಹೋದರೆ ಅದೇ ವೃತ್ತ ಮತ್ತೆ ಸಿಗುತ್ತದೆ. ನಕ್ಷೆಯನ್ನು ದೊಡ್ಡ ದೊಡ್ಡ ಚೌಕ ಮಾಡಿ, ಮೊದಲು ಅವಳ ಜಾಗವನ್ನೇ ಅವಳಿರುವ ಚೌಕದ ನಡುವಿಗೆ ತಳ್ಳು, ಆಮೇಲೆ ದೂರ ಲೆಕ್ಕ ಹಾಕು. ಅದೂ ಸರ್ವರ್‌ನಲ್ಲಿ, ಫೋನಿನಲ್ಲಲ್ಲ. ನನ್ನ ಕೇಳಿದರೆ ಊರಿನ ಹೆಸರು ತೋರಿಸಿದರೆ ಸಾಕು.

ನಾಗರಾಜ: ಇಸ್ತಾಂಬುಲ್‌ನ ತಕ್ಸಿಮ್ ಕಡೆಯ ಆಟ ಗೊತ್ತಲ್ಲ? ಒಬ್ಬನೇ ಅಲೆಯುವ ಪ್ರವಾಸಿಯ ಹತ್ತಿರ ನಗುತ್ತಾ ಒಬ್ಬ ಬರುತ್ತಾನೆ. ಯಾವ ಊರು, ಏನು ಕೆಲಸ, ಬಾ ಒಂದು ಬಿಯರ್ ಕುಡಿಯೋಣ. ಬಾರ್‌ನಲ್ಲಿ ಇನ್ನಿಬ್ಬರು ಸೇರುತ್ತಾರೆ. ಬಿಲ್ ಬಂದಾಗ ಕಣ್ಣು ಕತ್ತಲೆ, ಬಾಗಿಲಲ್ಲಿ ದಾಂಡಿಗರು. ಸದ್ಯಕ್ಕೆ ಆ ಪುಣ್ಯಾತ್ಮರು ಬೀದಿ ಬೀದಿ ತಿರುಗಿ ಒಂಟಿ ಗಿರಾಕಿ ಹುಡುಕಬೇಕು. ನೀನು ಹಸಿರು ಚುಕ್ಕೆ ಇಟ್ಟು ಕೊಡುತ್ತಿದ್ದೀಯ!

ಹರೀಶ: ಹೀಗೆ ಹೆದರಿದರೆ ಯಾರೂ ಯಾರನ್ನೂ ಭೇಟಿ ಆಗುವ ಹಾಗಿಲ್ಲ ಬಿಡು.

ಮಂಜು: ಭೇಟಿ ಆಗುತ್ತಾರೆ ಮಾರಾಯ, ‘ಹಾಯ್’ಗೆ ಅಲ್ಲ. ಮ್ಯೂನಿಕ್‌ನಲ್ಲಿ ಕೂತು ಹೇಳುತ್ತಿದ್ದೇನೆ. ಇಲ್ಲಿ ಬಾಯರ್ನ್ ಟಿಕೆಟ್ ಅಂತ ಇದೆ. ಒಂದು ಟಿಕೆಟ್‌ನಲ್ಲಿ ಐದು ಜನ ಸೇರಿ ದಿನವಿಡೀ ಈ ಬವೇರಿಯಾ ರಾಜ್ಯದ ಲೋಕಲ್ ರೈಲುಗಳಲ್ಲಿ ಓಡಾಡಬಹುದು. ಜನ ಜಾಸ್ತಿ ಆದಷ್ಟೂ ತಲೆಗೆ ಬೀಳುವುದು ಕಮ್ಮಿ. ವಾರದ ದಿನ ಬೆಳಿಗ್ಗೆ 9ರ ಮೇಲೆ ನಡೆಯುತ್ತದೆ, ಶನಿವಾರ ಭಾನುವಾರ ಆ ಕಟ್ಟಿಲ್ಲ. ‘ಶನಿವಾರ ಬೆಟ್ಟದೂರು ಗಾರ್ಮಿಷ್‌ಗೆ ಹೊರಟಿದ್ದೇವೆ, ಇನ್ನಿಬ್ಬರು ಬೇಕು’ ಅಂದು ನೋಡು, ಬರುತ್ತಾರೆ. ಹಗಲು, ರೈಲು, ನಾಲ್ಕು ಜನ. ಮಾತಾಡಲು ಏನೂ ಇಲ್ಲದಿದ್ದರೂ ಕಿಟಕಿಯಲ್ಲಿ ಆಲ್ಪ್ಸ್ ಇದೆ. ಮೊದಲ ಸ್ಕ್ರೀನಿನಲ್ಲಿ ನಕ್ಷೆಯ ಬದಲು ಇಂಥ ಪ್ರವಾಸದ ಕಾರ್ಡ್ ಇಡು.

ಹರೀಶ: ಅದು ಮೀಟಪ್ ಆಯಿತು, ಒಂದೇ ಆಸಕ್ತಿಯವರು ಗುಂಪು ಕಟ್ಟಿ ಸೇರುವ ಸೈಟ್. 2002ರಿಂದ ಇದೆ.

ಮಂಜು: ಅಲ್ಲಿ ಗುಂಪು ಸೇರು, ಮುಂದಿನ ಸಭೆಗೆ ಕಾಯಿ ಅನ್ನುವ ಲೆಕ್ಕ. ಊರಿನಲ್ಲೇ ಇರುವವರಿಗೆ ಸರಿ. ನಾಳೆ ಇಳಿದು ನಾಲ್ಕು ದಿನಕ್ಕೆ ಹೊರಡುವವನಿಗಲ್ಲ.

ರಶ್ಮಿ: ಇದು ಪರವಾಗಿಲ್ಲ. ಆದರೂ ಆ ನಾಲ್ವರು ಯಾರು ಅಂತ ಗೊತ್ತಾಗಬೇಕಲ್ಲ? ಪ್ರವಾಸಿಗಳನ್ನು ಮನೆಗೆ ಸೇರಿಸುವ ಸರ್ವಾಸ್ ಅಂತ ಒಂದು ಸಂಘ ಇದೆ, 1949ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾಗಿದ್ದು. ಹೊರಡುವ ಮುಂಚೆ ಅವರ ಕಡೆಯವರು ಒಬ್ಬರು ನಿನ್ನ ಜೊತೆ ಮಾತಾಡುತ್ತಾರೆ. ಒಪ್ಪಿದರೆ ಪರಿಚಯ ಪತ್ರ. ಅದನ್ನು ನೋಡಿ ಅಲ್ಲಿನವರು ಮನೆಗೆ ಸೇರಿಸಿಕೊಳ್ಳುತ್ತಾರೆ.

ಹರೀಶ: ಆ್ಯಪ್ ಹಾಕಿಕೊಳ್ಳಲು ಇಂಟರ್ವ್ಯೂ ಅಂದರೆ ನನ್ನ ತಮ್ಮನೂ ಹಾಕಿಕೊಳ್ಳುವುದಿಲ್ಲ. ಐಡಿ ಕಾರ್ಡ್ ಮತ್ತು ಸೆಲ್ಫಿ, ಅಷ್ಟೇ.

ಶ್ವೇತಾ: ಐಡಿಯಿಂದ ಹೆಸರು ಗೊತ್ತಾಗುತ್ತದೆ, ಬುದ್ಧಿ ಗೊತ್ತಾಗುವುದಿಲ್ಲ. ಜೊತೆಗೆ ಹೋದವರು ಬರೆಯುವ ರಿವ್ಯೂ ಬೇಕು. ಇಬ್ಬರೂ ಬರೆಯುವವರೆಗೆ, ಇಲ್ಲವೇ ಗಡುವು ಮುಗಿಯುವವರೆಗೆ, ಯಾರದ್ದೂ ಕಾಣಬಾರದು. ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಹಾಗೆ ಬದಲಾಯಿಸಿತು. ಇಲ್ಲದಿದ್ದರೆ ‘ನೀನು ಚೆನ್ನಾಗಿ ಬರೆದರೆ ನಾನೂ ಬರೆಯುತ್ತೇನೆ’ ಅನ್ನುವ ವ್ಯಾಪಾರ ನಡೆಯುತ್ತದೆ.

ನಾಗರಾಜ: ಎಲ್ಲಾ ಸರಿ, ದುಡ್ಡು? ಪ್ರವಾಸಿಗಳಿಗೆ ಅಪರಿಚಿತರ ಮನೆಯಲ್ಲಿ ತಂಗಲು ಜಾಗ ಹುಡುಕಿಕೊಡುವ ಕೌಚ್‌ಸರ್ಫಿಂಗ್ 2004ರಲ್ಲಿ ಪುಕ್ಕಟೆ ಶುರುವಾಯಿತು, 2011ರಲ್ಲಿ ಲಾಭದ ಕಂಪನಿ ಆಯಿತು. 2020ರ ಮೇನಲ್ಲಿ, ಕೊರೊನಾದಿಂದ ಯಾರೂ ಮನೆ ಬಿಟ್ಟು ಹೊರಡದಿದ್ದಾಗ, ಬಹಳ ದೇಶಗಳಲ್ಲಿ ಚಂದಾ ಕೇಳಿತು. ತಿಂಗಳಿಗೆ ಎರಡು ಡಾಲರ್ ಚಿಲ್ಲರೆ. ವರ್ಷಗಟ್ಟಲೆ ಅಪರಿಚಿತರಿಗೆ ಸೋಫಾ ಬಿಟ್ಟುಕೊಟ್ಟವರು ತಮ್ಮ ಪ್ರೊಫೈಲ್ ನೋಡಲೂ ದುಡ್ಡು ಕಟ್ಟಬೇಕಾಯಿತು. ಜನ ಸಿಟ್ಟಾಗದೆ ಇನ್ನೇನು? ಅದೇ ಥರದ ಬಿವೆಲ್ಕಮ್ ಅನ್ನು 2007ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ, ಅಲ್ಲಿ ಚಂದಾ ಇಲ್ಲ. ನೀನು ಎರಡರಲ್ಲಿ ಯಾವುದು ಅಂತ ಮೊದಲ ದಿನವೇ ಹೇಳಿಬಿಡು.

ಹರೀಶ: ಚಂದಾನೇ, ಮೊದಲಿನಿಂದಲೇ. ನಕ್ಷೆ ತೆಗೆಯುತ್ತೇನೆ, ಮಂಜು ಹೇಳಿದ ಕಾರ್ಡ್ ಇಡುತ್ತೇನೆ, ಮ್ಯೂನಿಕ್ ಒಂದೇ ಊರಿನಲ್ಲಿ ಶುರು ಮಾಡುತ್ತೇನೆ. ಇಂಟರ್ವ್ಯೂ ಮಾತ್ರ ಸಾಧ್ಯವಿಲ್ಲ.

ರಶ್ಮಿ: ಬ್ಲಾಕ್, ರಿಪೋರ್ಟ್ ಬಟನ್ ಎಲ್ಲಿ? ನಾಲ್ಕೂ ಸ್ಕ್ರೀನ್ ಹುಡುಕಿದೆ.

ಹರೀಶ: ಎರಡನೇ ವರ್ಷನ್‌ನಲ್ಲಿ.

ಶ್ವೇತಾ: ಅವು ಇಲ್ಲದ ಚಾಟ್ ಆ್ಯಪ್ ಅನ್ನು ಆಪಲ್ ಸ್ಟೋರ್ ಒಳಗೇ ಬಿಡುವುದಿಲ್ಲ ಕಣೋ. ನಿಯಮ ಓದು.

ರಶ್ಮಿ: ಸ್ಟೋರ್ ಬಿಟ್ಟರೂ ನಾನು ಎರಡನೇ ವರ್ಷನ್‌ಗೇ ಬರುತ್ತೇನೆ.