ಖಿನ್ನತೆಯಲ್ಲಿರುವ ಹದಿಹರೆಯದವರು: ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಪ್ರಶ್ನೆ:
ಖಿನ್ನತೆಗೆ ಮಾತ್ರೆ ಶುರುವಾಗಿ ಎರಡು ವಾರವಾಗಿದೆ ಎಂದುಕೊಳ್ಳಿ. 15–16ರ ವಯಸ್ಸು. ಸಿಡುಕು, ಬಾಗಿಲು ಹಾಕಿಕೊಂಡು ಕೂರುವುದು ವಯಸ್ಸಿನದೋ ಅಪಾಯದ್ದೋ ಎಂದು ಮನೆಯವರು ತಿಳಿಯುವುದು ಹೇಗೆ? ಸಾವಿನ ಬಗ್ಗೆ ನಾವೇ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ 1:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಮಕ್ಕಳಿಗೆ ಹೇಳಿಕೊಂಡ ಮೇಲೆ ಎದೆ ಹಗುರವಾಗುತ್ತದೆ. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿಯೇ ಕೇಳಿ. "ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?" ಎಂದರೆ ಬರುವ ಉತ್ತರ "ಇಲ್ಲ" ಒಂದೇ. ಹೌದು ಎಂದರೆ ಗಾಬರಿ ತೋರಿಸದೆ ಮುಂದುವರಿಸಿ: ಹೇಗೆ ಎಂದು ಯೋಚಿಸಿದ್ದೀಯಾ, ಯಾವಾಗ ಎಂದಿದೆಯಾ, ಹಿಂದೆ ಪ್ರಯತ್ನಿಸಿದ್ದೆಯಾ? ಯೋಜನೆ ನಿಖರವಾದಷ್ಟೂ ಅಪಾಯ ಹತ್ತಿರ. ಹಿಂದೆ ಪ್ರಯತ್ನ ನಡೆದಿದ್ದರೆ ಅದನ್ನು ಯಾವತ್ತೂ ಹಗುರವಾಗಿ ಎಣಿಸಬೇಡಿ.

ಇನ್ನು ಸಿಡುಕು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಅಲ್ಲ, ಸಿಡುಕಾಗಿಯೇ ಹೊರಬರುವುದುಂಟು; ಮನೆಯಲ್ಲಿ ಅದಕ್ಕೆ "ಕೊಬ್ಬು" ಎಂದು ಹೆಸರಿಟ್ಟು ಬಿಡುತ್ತಾರೆ. ಬೇರೆ ಮಕ್ಕಳ ಜೊತೆ ಹೋಲಿಸಬೇಡಿ, ಅದೇ ಮಗು ಮೊದಲು ಹೇಗಿತ್ತು ನೋಡಿ. ನಿದ್ದೆ ಕೆಟ್ಟು, ಗೆಳೆಯರೂ ಬೇಡ, ಇಷ್ಟದ ಆಟವೂ ಬೇಡ ಎನ್ನುವುದು ಎರಡು ವಾರ ದಾಟಿದರೆ ಅದು ಬರೀ ವಯಸ್ಸಲ್ಲ. "ನಾನಿಲ್ಲದಿದ್ದರೆ ನಿಮಗೆ ಆರಾಮ" ಎಂಬ ಮಾತು, ಮೆಚ್ಚಿನ ವಸ್ತು ಹಂಚಿಬಿಡುವುದು, ವಿದಾಯದಂಥ ಸಂದೇಶ ಕಂಡರೆ ಆ ದಿನವೇ ವೈದ್ಯರಿಗೆ ತಿಳಿಸಿ. ಕುಗ್ಗಿದ್ದವರು ಕಾರಣವಿಲ್ಲದೆ ದಿಢೀರನೆ ಶಾಂತರಾದರೂ ಕೇಳಲೇಬೇಕು. ಕೆಲವೊಮ್ಮೆ ಅದು ಚೇತರಿಕೆಯಲ್ಲ, ಒಳಗೆ ಆಗಿಹೋದ ತೀರ್ಮಾನ.

ಉತ್ತರ 2:
ಎರಡನೇ ವಾರ ಎಂದಿರಿ, ಅದನ್ನು ಬಿಡುವಂತಿಲ್ಲ. ಫ್ಲೂಆಕ್ಸೆಟಿನ್‌ನಂಥ ಮಾತ್ರೆಯ ಪೂರ್ತಿ ಗುಣ ಕಾಣಲು 4–6 ವಾರ ಬೇಕು. ಮಕ್ಕಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು ಶೇ. 4, ಔಷಧವಿಲ್ಲದ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ. 2 ಇತ್ತು, ಸಾವು ಒಂದೂ ಇರಲಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಗಂಭೀರ ಎಚ್ಚರಿಕೆ ಹಾಕಿಸಿದ್ದು ಇದರಿಂದಲೇ. ಹಾಗೆಂದು ಹೆದರಿ ಮಾತ್ರೆ ದಿಢೀರನೆ ನಿಲ್ಲಿಸುವುದು ಇನ್ನೊಂದು ತಪ್ಪು. ಕೂತಲ್ಲಿ ಕೂರಲಾಗದ ಚಡಪಡಿಕೆ, ನಿದ್ದೆಗೇಡು, ಹೊಸದಾಗಿ ಬಂದ ಉದ್ವೇಗ ಕಂಡರೆ ಮುಂದಿನ ಭೇಟಿಗೆ ಕಾಯದೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು:
"ಯಾರಿಗೂ ಹೇಳಬೇಡಿ" ಎಂದು ಮಗುವೇ ಬೇಡಿಕೊಂಡರೆ?

ಉತ್ತರ 3:
ಗುಟ್ಟು ಕಾಯುವ ಮಾತು ಕೊಡಬೇಡಿ. "ನಿನ್ನ ಜೀವದ ವಿಷಯ, ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ" ಎನ್ನಿ. "ಹಾಗೆ ಮಾಡಿಕೊಳ್ಳಲ್ಲ" ಎಂದು ಬರೆಸಿಕೊಂಡ ಚೀಟಿಯನ್ನೂ ನಂಬಿ ಕೂರಬೇಡಿ, ಅದು ರಕ್ಷಿಸುತ್ತದೆ ಎನ್ನಲು ಆಧಾರವಿಲ್ಲ. ಅದರ ಬದಲು ಸಮಾಲೋಚಕರ ಜೊತೆ ಕೂತು ಸುರಕ್ಷತಾ ಯೋಜನೆ ಬರೆಸಿ: ಮನಸ್ಸು ಕೆಡುವ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಬೇಕು, ಯಾರ ಬಳಿ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಮನೆಯಲ್ಲಿರುವ ಎಲ್ಲರ ಮಾತ್ರೆಗಳೂ ಬೀಗದೊಳಗಿರಲಿ, ದಿನದ ಡೋಸ್ ದೊಡ್ಡವರ ಕೈಯಿಂದಲೇ ಹೋಗಲಿ. ಅಪಾಯ ತರಬಲ್ಲ ಬೇರೆ ವಸ್ತುಗಳು ಮನೆಯಿಂದಾಚೆ ಹೋಗಲಿ. ಸಾಯಬೇಕೆನ್ನಿಸುವ ಆ ತೀವ್ರ ಗಳಿಗೆ ಬಹುಪಾಲು ದೀರ್ಘವಲ್ಲ, ಅಂಥ ವಸ್ತು ಕೈಗೆ ಸಿಗದಿದ್ದರೆ ದಾಟಿಹೋಗುತ್ತದೆ.

ಯೋಜನೆ ಇದೆ, ಇವತ್ತೇ ಎಂಬ ಸೂಚನೆ ಇದೆ ಎಂದರೆ ಒಂದು ನಿಮಿಷವೂ ಒಂಟಿ ಬಿಡದೆ ತುರ್ತು ಸೇವೆಗೆ ಕರೆ ಮಾಡಿ, ಇಲ್ಲವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ದಾಖಲಾಗಿ ಮನೆಗೆ ಮರಳಿದ ಮೊದಲ ವಾರಗಳು ಮತ್ತೆ ಸೂಕ್ಷ್ಮ. ಡಿಸ್ಚಾರ್ಜ್ ಆಗುವ ಮೊದಲೇ, 7 ದಿನದೊಳಗಿನ ಭೇಟಿಯ ದಿನಾಂಕ ಬರೆಸಿಕೊಂಡು ಬನ್ನಿ.